ಸಂಜೆ ಏಳಕ್ಕೆ ಶುರುವಾಗುವ ಗುಂಯ್ ಸದ್ದು: ಫೋನೋ ಪ್ರಿಆಂಪ್‌ಗೆ ಮನೆಯಲ್ಲೇ ಕಟ್ಟುವ ಪವರ್ ಸಪ್ಲೈ

ಪ್ರಶ್ನೆ: ಹಾಸನದ ಹತ್ತಿರದ ಹಳ್ಳಿಯಲ್ಲಿದ್ದೇನೆ. ಅಪ್ಪನ ಹಳೆಯ ಎಲ್‌ಪಿ ತಟ್ಟೆಗಳನ್ನು ಕೇಳಲು ಟರ್ನ್‌ಟೇಬಲ್ ಮತ್ತು ಒಂದು ಚಿಕ್ಕ ಫೋನೋ ಪ್ರಿಆಂಪ್ (ಟರ್ನ್‌ಟೇಬಲ್‌ನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಸಾಧನ) ತಂದೆ. ಅದರ ಜೊತೆ ಬಂದ 12 ವೋಲ್ಟ್ ಅಡಾಪ್ಟರ್ ಹಾಕಿದರೆ ಸ್ಪೀಕರ್‌ನಲ್ಲಿ ಸಣ್ಣಗೆ ಝಿರ್ ಸದ್ದು. ಪ್ರಿಆಂಪ್‌ನ ಲೋಹದ ಮೈ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಅದಕ್ಕೇ 12 ವೋಲ್ಟ್ 1 ಆಂಪ್ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು 7812 ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಚಿಪ್) ಹಾಕಿ ನಾನೇ ಸಪ್ಲೈ ಕಟ್ಟಿದೆ. ಹಗಲು ಚೆನ್ನಾಗಿದೆ. ಸಂಜೆ ಏಳರ ಮೇಲೆ ಗುಂಯ್ ಅನ್ನುತ್ತದೆ. ಆ ಹೊತ್ತಿಗೆ ಮೀಟರ್‌ನಲ್ಲಿ ಮೇನ್ಸ್, ಅಂದರೆ ಮನೆಗೆ ಬರುವ ಕರೆಂಟ್, 190 ವೋಲ್ಟ್ ತೋರಿಸುತ್ತದೆ. ಪ್ರಿಆಂಪ್ 150 ಮಿಲಿಆಂಪ್ ಎಳೆಯುತ್ತದೆ. ಸ್ನೇಹಿತರು 10,000 ಮೈಕ್ರೋಫ್ಯಾರಡ್ ಹಾಕು ಅನ್ನುತ್ತಾರೆ. ಅಂಗಡಿಯವರು ಹೊರದೇಶದ ಕಡಿಮೆ ನಾಯ್ಸ್ ರೆಗ್ಯುಲೇಟರ್ ತರಿಸಿ ಅನ್ನುತ್ತಾರೆ. ಯಾವುದು ಸರಿ? ಇದೇ ಸಪ್ಲೈಯಿಂದ ನನ್ನ ಡ್ಯಾಕ್‌ಗೂ (ಡಿಜಿಟಲ್ ಹಾಡನ್ನು ಅನಲಾಗ್ ಮಾಡುವ ಸಾಧನ) ಕರೆಂಟ್ ಕೊಡಬಹುದಾ?

ಉತ್ತರ: ನೀವು ಬರೀ ಗುಂಯ್ ಅನ್ನುತ್ತದೆ ಅಂತ ಬರೆದು ಬಿಟ್ಟಿಲ್ಲ. ಯಾವಾಗ ಬರುತ್ತದೆ, ಆಗ ಮೇನ್ಸ್ ಎಷ್ಟಿರುತ್ತದೆ, ಪ್ರಿಆಂಪ್ ಎಷ್ಟು ಎಳೆಯುತ್ತದೆ, ಮೂರನ್ನೂ ಅಳೆದು ಬರೆದಿದ್ದೀರಿ. ಕಾಯಿಲೆಯ ಅರ್ಧ ಪತ್ತೆ ಅಲ್ಲೇ ಆಯಿತು.

ಹಗಲು ಸದ್ದಿಲ್ಲ ಅಂದ ಮೇಲೆ ನಿಮ್ಮ ಟರ್ನ್‌ಟೇಬಲ್ ಸರಿಯಿದೆ. ಅದರ ಗ್ರೌಂಡ್ ವೈರ್ ಸರಿಯಿದೆ. ಕೇಬಲ್‌ಗಳೂ ಸರಿಯಿವೆ. ಅವು ಕೆಟ್ಟಿದ್ದರೆ ಬೆಳಗ್ಗೆಯೂ ಗುಂಯ್ ಅನ್ನುತ್ತಿದ್ದವು. ಇದೇ ತೊಂದರೆ ಇರುವ ಬೇರೆಯವರು ಮೊದಲು ಒಂದು ಪರೀಕ್ಷೆ ಮಾಡಿ. ಚಿಕ್ಕ ಯುಪಿಎಸ್‌ನಲ್ಲಿರುವ 12 ವೋಲ್ಟ್ 7 ಆಂಪ್‌ಅವರ್ ಬ್ಯಾಟರಿಯಿಂದ, ನಡುವೆ 1 ಆಂಪ್ ಫ್ಯೂಸ್ ಹಾಕಿ, ಪ್ರಿಆಂಪ್ ನಡೆಸಿ ನೋಡಿ. ಬ್ಯಾಟರಿಯಲ್ಲಿ ಸದ್ದು ಹೋದರೆ ತಪ್ಪು ಸಪ್ಲೈಯದು. ಹೋಗದಿದ್ದರೆ ಯಾವ ಸಪ್ಲೈ ಕಟ್ಟಿದರೂ ದುಡ್ಡು ದಂಡ. ಮೊದಲು ಟರ್ನ್‌ಟೇಬಲ್‌ನ ಗ್ರೌಂಡ್ ವೈರ್ ಹುಡುಕಬೇಕು. ಫ್ಯೂಸ್ ಇಲ್ಲದೆ ಮಾತ್ರ ಮಾಡಬೇಡಿ. ಶಾರ್ಟ್ ಆದರೆ ಬ್ಯಾಟರಿ ವೈರನ್ನೇ ಕೆಂಪಗೆ ಕಾಯಿಸಿಬಿಡುತ್ತದೆ.

ಅಡಾಪ್ಟರ್‌ನ ಜುಮ್ ಯಾಕೆ ಅಂತ ಹೇಳಿ ಮುಂದೆ ಹೋಗುತ್ತೇನೆ. ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ಮೇನ್ಸ್ ಕಡೆಯಿಂದ ಔಟ್‌ಪುಟ್ ಕಡೆಗೆ ಸಾಮಾನ್ಯವಾಗಿ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದಕ್ಕೆ ವೈ ಕೆಪಾಸಿಟರ್ ಅಂತಾರೆ. ಅಡಾಪ್ಟರ್ ರೇಡಿಯೋ ಗಲಾಟೆ ಮಾಡದಿರಲಿ ಅಂತ ಅದನ್ನು ಹಾಕುತ್ತಾರೆ. ಅದರ ಮೂಲಕ ಮಿಲಿಆಂಪ್‌ನ ಹತ್ತನೇ ಒಂದು ಭಾಗದಷ್ಟು ಕರೆಂಟ್ ಸೋರುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಬೆರಳಿಗೆ ಗೊತ್ತಾಗುತ್ತದೆ. ಆ ಕರೆಂಟ್ ನಿಮ್ಮ ಆರ್‌ಸಿಎ ಕೇಬಲ್‌ನ ಹೊರ ಜಾಲರಿಯ ಮೂಲಕ ಆಂಪ್ಲಿಫೈಯರ್‌ಗೆ ಹೋಗಿ ನೆಲ ಸೇರುತ್ತದೆ. ಅದೇ ಜಾಲರಿ ಹಾಡಿನ ಸಿಗ್ನಲ್‌ಗೂ ವಾಪಸ್ ದಾರಿ. ಒಂದೇ ದಾರಿಯಲ್ಲಿ ಎರಡೂ ನಡೆದರೆ ಹಾಡಿನ ಜೊತೆ ಝಿರ್ ಕೇಳಿಸುತ್ತದೆ. ನೀವು ಟ್ರಾನ್ಸ್‌ಫಾರ್ಮರ್‌ಗೆ ಹೋದ ಮೇಲೆ ಅದು ನಿಂತಿದ್ದು ಇದಕ್ಕೇ.

ಈಗ ಸಂಜೆಯ ಗುಂಯ್. 7812ರ ಕೆಲಸ 12 ವೋಲ್ಟ್ ಹಿಡಿದು ನಿಲ್ಲಿಸುವುದು. ಆದರೆ ಅದಕ್ಕೆ ತನ್ನ ಒಳಗೆ ಸುಮಾರು 2 ವೋಲ್ಟ್ ಬೇಕು. ಅಂದರೆ ಒಳಗೆ ಬರುವ ವೋಲ್ಟೇಜ್ 14ಕ್ಕಿಂತ ಕೆಳಗೆ ಒಂದು ಕ್ಷಣ ಇಳಿದರೂ ಅದರ ಹಿಡಿತ ತಪ್ಪುತ್ತದೆ.

ಲೆಕ್ಕ ಹಾಕೋಣ. 12 ವೋಲ್ಟ್ 1 ಆಂಪ್ ಅಂತ ಬರೆದ ಸಣ್ಣ ಟ್ರಾನ್ಸ್‌ಫಾರ್ಮರ್ 150 ಮಿಲಿಆಂಪ್ ಹೊರೆಗೆ ಸುಮಾರು 13.5 ವೋಲ್ಟ್ ಕೊಡುತ್ತದೆ. ಬರೆದಿರುವುದು ಪೂರ್ತಿ ಹೊರೆಯ ವೋಲ್ಟೇಜ್, ಹೊರೆ ಕಡಿಮೆಯಾದರೆ ಅದು ಏರುತ್ತದೆ. ಮೇನ್ಸ್ 230 ಇದ್ದಾಗ ಅದರ ಎಸಿ ಅಲೆಯ ತುದಿ, ಅಂದರೆ ಅಲೆ ಮುಟ್ಟುವ ಅತಿ ಎತ್ತರದ ಮಟ್ಟ, 19 ವೋಲ್ಟ್. ಡಯೋಡ್‌ಗಳಲ್ಲಿ 1.7 ಹೋದರೆ 17.4. ನಿಮ್ಮ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು ತುಂಬುವಿಕೆಯ ನಡುವೆ ಹತ್ತಿರ ಹತ್ತಿರ 1.5 ವೋಲ್ಟ್ ಇಳಿಯುತ್ತದೆ. ಹಳ್ಳದ ಮಟ್ಟ 15.9. ಸಾಕಷ್ಟಾಯಿತು, ಹಗಲು ಸದ್ದಿಲ್ಲ. ಸಂಜೆ ಊರಲ್ಲಿ ಪಂಪ್‌ಸೆಟ್ಟು, ಮಿಕ್ಸಿ, ಟಿವಿ ಎಲ್ಲ ಒಟ್ಟಿಗೆ ಓಡಿ ಮೇನ್ಸ್ 190ಕ್ಕೆ ಬಂದಾಗ ಅದೇ ಲೆಕ್ಕ ತುದಿಯಲ್ಲಿ 14, ಹಳ್ಳದಲ್ಲಿ 12.5 ಆಗುತ್ತದೆ. 7812ಕ್ಕೆ 14 ಬೇಕಿತ್ತು. ಪ್ರತಿ ಸೆಕೆಂಡಿಗೆ 100 ಸಲ ಅದು ಕೈ ಬಿಡುತ್ತದೆ. ನೀವು ಕೇಳುತ್ತಿರುವ ಗುಂಯ್ ಈ 100 ಹರ್ಟ್ಸ್.

ಸ್ನೇಹಿತರ 10,000 ಮೈಕ್ರೋಫ್ಯಾರಡ್ ಇದನ್ನು ಸರಿ ಮಾಡುತ್ತದಾ? ಅರ್ಧ ಮಾಡುತ್ತದೆ. ಕೆರೆಯ ಅಂಗಳ ಅಗಲ ಮಾಡಿದರೆ ನೀರು ಬೇಗ ಇಳಿಯುವುದಿಲ್ಲ, ಸರಿ. ಆದರೆ ಕೋಡಿಯ ಮಟ್ಟ, ಅಂದರೆ ತುದಿಯ ವೋಲ್ಟೇಜ್, ಇದ್ದಲ್ಲೇ ಇರುತ್ತದೆ. 190ರಲ್ಲಿ ಕೋಡಿ 14, ಹಳ್ಳ ಆಗ 13.85. ಅಂಚಿನ ಮೇಲೆ ನಿಂತ ಹಾಗೆ. ಸದ್ದು ಹೋದರೂ ಹೋಗಬಹುದು. ಮೇನ್ಸ್ 180ಕ್ಕೆ ಇಳಿದ ದಿನ ಕೋಡಿಯೇ 13.2. ಆಗ ಎಷ್ಟು ದೊಡ್ಡ ಕೆಪಾಸಿಟರ್ ಇದ್ದರೂ ಏನೂ ಮಾಡಲು ಆಗಲ್ಲ. ಕೋಡಿಯನ್ನೇ ಎತ್ತರಿಸಬೇಕು. ಅದು ಟ್ರಾನ್ಸ್‌ಫಾರ್ಮರ್‌ನ ಕೆಲಸ.

ಹಾಗಾಗಿ ಮೊದಲ ಖರ್ಚು ಅಲ್ಲಿ. 15 ವೋಲ್ಟ್ 2 ಆಂಪ್, ಅಂದರೆ 30 ವಿಎ (ವೋಲ್ಟ್ ಗುಣಿಸು ಆಂಪ್). 12 ವೋಲ್ಟ್ ಸಪ್ಲೈಗೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಅಂತ ಬಹಳ ಜನ ತರುತ್ತಾರೆ. ನಮ್ಮ ಊರುಗಳ ಕರೆಂಟ್‌ಗೆ ಅದು ಸಾಲದು. 150 ಮಿಲಿಆಂಪ್‌ಗೆ 2 ಆಂಪ್ ಯಾಕೆ ಅಂತ ಕೇಳಬಹುದು. ನಾನು ಈ ಡಬ್ಬಿಯನ್ನು ಅರ್ಧ ಆಂಪ್‌ಗೆ ಲೆಕ್ಕ ಹಾಕುತ್ತಿದ್ದೇನೆ, ನಾಳೆ ಬೇರೆ ಸಾಧನಕ್ಕೂ ಆದೀತು. ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳ (ರೆಕ್ಟಿಫೈಯರ್) ಹಿಂದೆ ಕೆಪಾಸಿಟರ್ ಇದ್ದಾಗ ಟ್ರಾನ್ಸ್‌ಫಾರ್ಮರ್ ಅನುಭವಿಸುವ ಕರೆಂಟ್ ನಿಮ್ಮ ಹೊರೆಯ 1.8 ಪಟ್ಟು. ಅರ್ಧ ಆಂಪ್ ಎಳೆದರೆ ಅದಕ್ಕೆ 0.9 ಆಂಪ್. ಅದರ ಎರಡರಷ್ಟು ಇಟ್ಟರೆ ಟ್ರಾನ್ಸ್‌ಫಾರ್ಮರ್ ತಣ್ಣಗಿರುತ್ತದೆ, ತಾನೇ ಗುನುಗುವುದೂ ಕಡಿಮೆ.

ಬೆಂಗಳೂರಿಗೆ ಬಂದರೆ ಎಸ್‌ಪಿ ರೋಡ್‌ನಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ರೆಡಿ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಆದರೆ ನಿಮ್ಮ ಹತ್ತಿರದ ಪಟ್ಟಣದಲ್ಲಿ ಸ್ಟೆಬಿಲೈಸರ್ ವೈಂಡಿಂಗ್ ಮಾಡುವವರು ಇದ್ದರೆ ಅವರ ಹತ್ತಿರ ಸುತ್ತಿಸುವುದು ಇನ್ನೂ ಒಳ್ಳೆಯದು. ಪ್ರೈಮರಿ (ಮೇನ್ಸ್ ಕಡೆಯ ವೈಂಡಿಂಗ್) ಮತ್ತು ಸೆಕೆಂಡರಿ (ಔಟ್‌ಪುಟ್ ಕಡೆಯ ವೈಂಡಿಂಗ್) ನಡುವೆ ಒಂದು ಸುತ್ತು ತಾಮ್ರದ ಹಾಳೆ ಹಾಕಿಕೊಡಿ ಅಂತ ಕೇಳಿ. ಹಾಳೆಯ ಎರಡು ತುದಿ ಒಂದಕ್ಕೊಂದು ತಾಗಬಾರದು, ನಡುವೆ ಇನ್ಸುಲೇಶನ್ ಇರಬೇಕು, ಇಲ್ಲದಿದ್ದರೆ ಅದೇ ಒಂದು ಶಾರ್ಟ್ ಆದ ಸುತ್ತಾಗುತ್ತದೆ. ಅದರಿಂದ ಒಂದು ವೈರ್ ಹೊರಗೆ ತಂದು ಅರ್ತ್‌ಗೆ ಕೊಡಿ. ಪಂಪ್‌ಸೆಟ್ಟು, ಮಿಕ್ಸಿ, ಡಿಮ್ಮರ್ ಎಬ್ಬಿಸುವ ಕೊಳೆ ಈ ಹಾಳೆಯಲ್ಲೇ ನಿಂತು ಅರ್ತ್‌ಗೆ ಇಳಿಯುತ್ತದೆ. ಇದಕ್ಕೆ ತಗಲುವ ದುಡ್ಡು ಬಹಳ ಕಡಿಮೆ. ಟೊರಾಯ್ಡ್, ಅಂದರೆ ಉಂಗುರದ ಆಕಾರದ ಟ್ರಾನ್ಸ್‌ಫಾರ್ಮರ್, ಬೇಕಾ ಅಂತಲೂ ಕೇಳುತ್ತಾರೆ. ಅದರ ಸುತ್ತ ಚೆಲ್ಲುವ ಕಾಂತಕ್ಷೇತ್ರ ಕಡಿಮೆ, ನಿಜ. ಆದರೆ ಮೇನ್ಸ್ ಕೊಳೆ ದಾಟಿ ಬರುವುದು ಮಾಮೂಲಿ ಟೊರಾಯ್ಡ್‌ನಲ್ಲೇ ಜಾಸ್ತಿ. ಇಷ್ಟು ಚಿಕ್ಕ ಕೆಲಸಕ್ಕೆ ಹಾಳೆ ಹಾಕಿದ ಸಾದಾ ಇಐ (ಚೌಕದ ಆಕಾರದ ಮಾಮೂಲಿ) ಟ್ರಾನ್ಸ್‌ಫಾರ್ಮರನ್ನೇ ನಾನು ಆರಿಸುತ್ತೇನೆ.

ಡಯೋಡ್‌ಗಳು. 1ಎನ್4007 ಬದಲು ಎಸ್‌ಬಿ560 ತರಹದ ಶಾಟ್ಕಿ ಡಯೋಡ್ ನಾಲ್ಕು ಹಾಕಿ. ಎರಡು ಲಾಭ. ಒಂದು, ಎರಡು ಡಯೋಡ್ ಸೇರಿ 1 ವೋಲ್ಟ್ ಮಾತ್ರ ತಿನ್ನುತ್ತವೆ. ಕೋಡಿಗೆ 0.7 ವೋಲ್ಟ್ ಪುಕ್ಕಟೆ ಸಿಕ್ಕಿತು. ಎರಡು, ಮಾಮೂಲಿ ಡಯೋಡ್ ಆಫ್ ಆಗುವಾಗ ಒಂದು ಕ್ಷಣ ಹಿಂದಕ್ಕೆ ಕರೆಂಟ್ ಬಿಟ್ಟು ತಟ್ಟನೆ ಮುಚ್ಚಿಕೊಳ್ಳುತ್ತದೆ. ಆ ಏಟಿಗೆ ಟ್ರಾನ್ಸ್‌ಫಾರ್ಮರ್‌ನ ವೈಂಡಿಂಗ್ ಗಂಟೆ ಹೊಡೆದ ಹಾಗೆ ಮೊಳಗುತ್ತದೆ. ಶಾಟ್ಕಿಯಲ್ಲಿ ಅದು ಬಹಳ ಕಡಿಮೆ. ಉಳಿದದ್ದಕ್ಕೆ ಸೆಕೆಂಡರಿಯ ಎರಡು ತುದಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಮತ್ತು 100 ಓಮ್ ರೆಸಿಸ್ಟರನ್ನು ಸೀರೀಸ್‌ನಲ್ಲಿ ಹಾಕಿಬಿಡಿ. ಇವು ಆ ಮೊಳಗನ್ನು ಅಡಗಿಸುತ್ತವೆ.

ಈಗ ಕೆಪಾಸಿಟರ್. ಒಂದೇ ದೊಡ್ಡದು ಬೇಡ. 4700 ಮೈಕ್ರೋಫ್ಯಾರಡ್ ಎರಡು ತಗೊಳ್ಳಿ. ಎರಡರ ಪಾಸಿಟಿವ್‌ಗಳ ನಡುವೆ 1 ಓಮ್ 2 ವ್ಯಾಟ್ ರೆಸಿಸ್ಟರ್ ಹಾಕಿ. ಇದು ನನಗೆ ಬಹಳ ಇಷ್ಟವಾದ ಜೋಡಣೆ. ಅರ್ಧ ಆಂಪ್ ಎಳೆದಾಗ ಮೊದಲ ಕೆಪಾಸಿಟರ್ ಮೇಲೆ ಸುಮಾರು 1 ವೋಲ್ಟ್ ಏರಿಳಿತ ಇರುತ್ತದೆ. ರೆಸಿಸ್ಟರ್ ದಾಟಿ ಎರಡನೆಯದಕ್ಕೆ ಬರುವಷ್ಟರಲ್ಲಿ ಅದು 0.3ಕ್ಕೆ ಬರುತ್ತದೆ. ಮೇಲಿನ ಚೂಪು ಸದ್ದುಗಳು, 200, 300, 1000 ಹರ್ಟ್ಸ್‌ನವು, ಇನ್ನೂ ಜಾಸ್ತಿ ತಗ್ಗುತ್ತವೆ. ರೆಸಿಸ್ಟರ್ ಅರ್ಧ ವೋಲ್ಟ್ ತಿನ್ನುತ್ತದಲ್ಲ ಅಂತ ಅನ್ನಿಸಬಹುದು. ತಿನ್ನುತ್ತದೆ. ಆದರೆ ಏರಿಳಿತ ಕಡಿಮೆಯಾಗಿದ್ದರಿಂದ ಹಳ್ಳದ ಮಟ್ಟ ಹೆಚ್ಚುಕಮ್ಮಿ ಮೊದಲಿನಷ್ಟೇ ಉಳಿಯುತ್ತದೆ. ರೆಗ್ಯುಲೇಟರ್‌ಗೆ ಮುಖ್ಯವಾದದ್ದು ಹಳ್ಳದ ಮಟ್ಟವೇ ತಾನೆ.

ಹೊಸ ಜೋಡಣೆಗೆ 180 ವೋಲ್ಟ್ ಮೇನ್ಸ್‌ನ ಲೆಕ್ಕ ನೋಡಿ. 15 ವೋಲ್ಟ್ ಟ್ರಾನ್ಸ್‌ಫಾರ್ಮರ್ ಆಗ 11.7 ಕೊಡುತ್ತದೆ. ತುದಿ 16.6. ಡಯೋಡ್ ಕಳೆದು 15.6. ಏರಿಳಿತದ ಅರ್ಧ ಭಾಗ ಮತ್ತು ರೆಸಿಸ್ಟರ್ ತಿನ್ನುವ ಅರ್ಧ ವೋಲ್ಟ್ ಕಳೆದರೆ 14.6. ಹಳ್ಳ 14.4. ಬೇಕಾದದ್ದು 14. ಅದೂ ಅರ್ಧ ಆಂಪ್ ಎಳೆಯುವಾಗ. ನಿಮ್ಮ 150 ಮಿಲಿಆಂಪ್‌ಗೆ ಇನ್ನೂ ಆರಾಮ. ಸಂಜೆ ಏಳಕ್ಕೂ ಎಲ್‌ಪಿ ಕೇಳಬಹುದು.

ಕೆಪಾಸಿಟರ್ ಮೇಲೆ 35 ವೋಲ್ಟ್, 105 ಡಿಗ್ರಿ ಅಂತ ಇರಲಿ. 25 ವೋಲ್ಟ್‌ನದು ಸಾಲದು. ರಾತ್ರಿ ಎರಡು ಗಂಟೆಗೆ ಊರೆಲ್ಲ ಮಲಗಿದಾಗ ಮೇನ್ಸ್ 260ಕ್ಕೆ ಹೋಗಬಹುದು. ಹೊರೆ ಇಲ್ಲದ 15 ವೋಲ್ಟ್ ಟ್ರಾನ್ಸ್‌ಫಾರ್ಮರ್ ಮೊದಲೇ 18 ಕೊಡುತ್ತಿರುತ್ತದೆ. ಎರಡೂ ಸೇರಿದರೆ ತುದಿ 28 ದಾಟುತ್ತದೆ. ಬೇರೆ ಹೆಸರಿನ ಕವಚ ಸುತ್ತಿದ ನಕಲಿ ಕೆಪಾಸಿಟರ್‌ಗಳೂ ಮಾರ್ಕೆಟ್‌ನಲ್ಲಿ ಓಡಾಡುತ್ತವೆ. ಕೆಪಾಸಿಟೆನ್ಸ್ ಅಳೆಯುವ ಮೀಟರ್ ಇದ್ದರೆ ಹಾಕುವ ಮುಂಚೆ ಅಳೆಯಿರಿ. 4700 ಅಂತ ಬರೆದು 2000 ತೋರಿಸಿದರೆ ವಾಪಸ್ ಕೊಡಿ.

ರೆಗ್ಯುಲೇಟರ್‌ಗೆ ಎಲ್‌ಎಂ317 ಹಾಕಿ. ಬಾಬ್ ಡಾಬ್ಕಿನ್ 1976ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್‌ನಲ್ಲಿದ್ದಾಗ ವಿನ್ಯಾಸ ಮಾಡಿದ ಚಿಪ್ ಇದು. ಇವತ್ತಿಗೂ ಈ ಕೆಲಸಕ್ಕೆ ಸಾಕು. ಔಟ್ ಮತ್ತು ಅಡ್ಜಸ್ಟ್ ಪಿನ್ ನಡುವೆ 120 ಓಮ್. ಅಡ್ಜಸ್ಟ್‌ನಿಂದ ನೆಗೆಟಿವ್‌ಗೆ 1 ಕಿಲೋಓಮ್ ಮತ್ತು 33 ಓಮ್ ಸೀರೀಸ್‌ನಲ್ಲಿ. ಔಟ್‌ಪುಟ್ 12.06 ವೋಲ್ಟ್ ಆಗುತ್ತದೆ. ಕೆಲವು ಚಿತ್ರಗಳಲ್ಲಿ 120ರ ಬದಲು 240 ಓಮ್ ಇರುತ್ತದೆ. ಎಲ್‌ಎಂ317ಕ್ಕೆ ಸರಿಯಾಗಿ ಹಿಡಿದು ನಿಲ್ಲಲು 10 ಮಿಲಿಆಂಪ್‌ವರೆಗೂ ಹರಿವು ಬೇಕಾಗಬಹುದು. 120 ಓಮ್ ಇದ್ದರೆ ಹೊರೆ ಇಲ್ಲದಾಗಲೂ ಅಷ್ಟು ಹರಿಯುತ್ತಿರುತ್ತದೆ.

ಅಡ್ಜಸ್ಟ್ ಪಿನ್‌ನಿಂದ ನೆಗೆಟಿವ್‌ಗೆ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮರೆಯಬೇಡಿ. ಅದಿಲ್ಲದಿದ್ದರೆ ಈ ಚಿಪ್ ಏರಿಳಿತವನ್ನು ಸುಮಾರು 65 ಡೆಸಿಬಲ್ ತಡೆಯುತ್ತದೆ. ಇದ್ದರೆ 80. ಅಂದರೆ ಹತ್ತು ಸಾವಿರದಲ್ಲಿ ಒಂದು ಭಾಗ ಮಾತ್ರ ಆಚೆ ದಾಟುತ್ತದೆ. ನಮ್ಮ 0.3 ವೋಲ್ಟ್ ಏರಿಳಿತ 30 ಮೈಕ್ರೋವೋಲ್ಟ್ ಆಯಿತು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಈ ಕೆಪಾಸಿಟರ್ ಹಾಕಿದ ಮೇಲೆ ಎರಡು 1ಎನ್4002 ಡಯೋಡ್ ಕೂಡ ಬೇಕು. ಒಂದರ ಪಟ್ಟಿ ಇರುವ ತುದಿ ಇನ್ ಪಿನ್‌ಗೆ, ಇನ್ನೊಂದು ತುದಿ ಔಟ್‌ಗೆ. ಎರಡನೆಯದರ ಪಟ್ಟಿ ಔಟ್‌ಗೆ, ಇನ್ನೊಂದು ತುದಿ ಅಡ್ಜಸ್ಟ್‌ಗೆ. ಒಳಗೆ ಅಥವಾ ಹೊರಗೆ ಶಾರ್ಟ್ ಆದರೆ ಕೆಪಾಸಿಟರ್‌ಗಳು ಚಿಪ್ ಮೂಲಕ ಖಾಲಿಯಾಗದೆ ಈ ಡಯೋಡ್ ಮೂಲಕ ಹೋಗುತ್ತವೆ. ಔಟ್‌ಪುಟ್‌ಗೆ 47 ಮೈಕ್ರೋಫ್ಯಾರಡ್ ಮಾಮೂಲಿ ಎಲೆಕ್ಟ್ರೋಲಿಟಿಕ್ ಸಾಕು. ದುಬಾರಿ ಫಿಲ್ಮ್ ಕೆಪಾಸಿಟರನ್ನು ನೇರ ಅಲ್ಲಿ ಹಾಕಿದರೆ ಈ ಚಿಪ್ ತಾನೇ ಕಂಪಿಸುವ ಸಾಧ್ಯತೆ ಇದೆ.

ಒಂದು ಎಚ್ಚರಿಕೆ. 7812 ತೆಗೆದು ಅದೇ ಜಾಗಕ್ಕೆ ಎಲ್‌ಎಂ317 ಕೂರಿಸಬೇಡಿ. ಕಾಲುಗಳ ಕ್ರಮವೇ ಬೇರೆ. ಬರಹ ನಿಮ್ಮ ಕಡೆ ಇಟ್ಟು ಎಡದಿಂದ ನೋಡಿದರೆ 7812ಕ್ಕೆ ಇನ್, ಗ್ರೌಂಡ್, ಔಟ್. ಎಲ್‌ಎಂ317ಕ್ಕೆ ಅಡ್ಜಸ್ಟ್, ಔಟ್, ಇನ್. ಇನ್ನೊಂದು, 7812ರ ಬೆನ್ನಿನ ಲೋಹ ಗ್ರೌಂಡ್, ಎಲ್‌ಎಂ317ರ ಬೆನ್ನು ಔಟ್‌ಪುಟ್. ಡಬ್ಬಿಯ ಮೈಗೆ ಬಿಗಿಯುವಾಗ ಮೈಕಾ ಹಾಳೆ ಮತ್ತು ಪ್ಲಾಸ್ಟಿಕ್ ಬುಷ್ ಹಾಕಿ, ಮೀಟರ್‌ನ ಬೀಪ್‌ನಲ್ಲಿ ಪರೀಕ್ಷೆ ಮಾಡಿ. ಬೀಪ್ ಬರಬಾರದು. ಮೇನ್ಸ್ 250 ಇರುವಾಗ ಅರ್ಧ ಆಂಪ್ ಎಳೆದರೆ ಚಿಪ್‌ನಲ್ಲಿ ನಾಲ್ಕೂವರೆ ವ್ಯಾಟ್ ಶಾಖ ಏಳುತ್ತದೆ. ದಪ್ಪ ಅಲ್ಯುಮಿನಿಯಂ ಡಬ್ಬಿಯೇ ಅದನ್ನು ತಡೆದುಕೊಳ್ಳುತ್ತದೆ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆ ನೆನೆದು ಬೇರೆ ಹೀಟ್‌ಸಿಂಕ್ ಕೂಡ ಹಾಕಲಿ.

ಅಂಗಡಿಯವರು ಹೇಳಿದ್ದು ಬಹುಶಃ ಎಲ್‌ಟಿ3045 ತರಹದ ಚಿಪ್. ಅದರ ನಾಯ್ಸ್ 0.8 ಮೈಕ್ರೋವೋಲ್ಟ್. ನಿಜಕ್ಕೂ ಅದ್ಭುತ ಕೆಲಸ. ಆದರೆ ಅದು ತಡೆದುಕೊಳ್ಳುವುದು 20 ವೋಲ್ಟ್ ಇನ್‌ಪುಟ್ ಮಾತ್ರ. ನಮ್ಮ ಎರಡನೇ ಕೆಪಾಸಿಟರ್ ಮೇಲೆ ಹೊರೆ ಕಡಿಮೆ ಇದ್ದಾಗ 28 ಇರಬಹುದು ಅಂತ ಈಗಷ್ಟೇ ನೋಡಿದೆವು. ನೇರ ಹಾಕಿದರೆ ಮೊದಲ ರಾತ್ರಿಯೇ ಸತ್ತು ಹೋಗುತ್ತದೆ. ಅದರ ಮುಂದೆ ಇನ್ನೊಂದು ರೆಗ್ಯುಲೇಟರ್ ಬೇಕು, ಆಗ ಇನ್ನೂ ಎತ್ತರದ ಕೋಡಿ ಬೇಕು. ಡ್ಯಾಕ್ ಒಳಗಿನ ಕ್ಲಾಕ್‌ಗೆ ಅದು ಅರ್ಥವುಳ್ಳ ಖರ್ಚು. ಪ್ರಿಆಂಪ್ ಒಳಗಿನ ಆಪ್‌ಆಂಪ್‌ಗಳು (ಸಿಗ್ನಲ್ ದೊಡ್ಡದು ಮಾಡುವ ಚಿಪ್‌ಗಳು) ಸಪ್ಲೈಯ ಗುಂಯ್ ಅನ್ನು ತಾವೇ ಚೆನ್ನಾಗಿ ತಡೆಯುತ್ತವೆ. ಇಲ್ಲಿ ಅದು ಬೇಡ.

ಈಗ ವೈರಿಂಗ್. ನೀವು ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬಾರದು ಅನ್ನುವುದು ನನ್ನ ಆಸೆ.

ಹೊರೆ ಅರ್ಧ ಆಂಪ್ ಸಮನಾಗಿ ಎಳೆಯುತ್ತದೆ. ಆದರೆ ಡಯೋಡ್‌ನಿಂದ ಮೊದಲ ಕೆಪಾಸಿಟರ್‌ಗೆ ಕರೆಂಟ್ ಸಮನಾಗಿ ಹರಿಯುವುದಿಲ್ಲ. ಅಲೆಯ ತುದಿ ಬಂದಾಗ ಮಾತ್ರ, ಸೆಕೆಂಡಿಗೆ 100 ಸಲ, ಗುಕ್ಕು ಗುಕ್ಕಾಗಿ ಹರಿಯುತ್ತದೆ. ಪ್ರತಿ ಗುಕ್ಕು 2ರಿಂದ 3 ಆಂಪ್. 0.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ 10 ಸೆಂಟಿಮೀಟರ್ ಉದ್ದಕ್ಕೆ 3.4 ಮಿಲಿಓಮ್ ಇರುತ್ತದೆ. ಅದರಲ್ಲಿ 3 ಆಂಪ್ ಹರಿದರೆ ಎರಡು ತುದಿಯ ನಡುವೆ 10 ಮಿಲಿವೋಲ್ಟ್. ಒಂದು ಗೇಣು ವೈರ್ ಕೂಡ ಅಲ್ಲ! ನಮ್ಮ ರೆಗ್ಯುಲೇಟರ್ ಕಷ್ಟಪಟ್ಟು ಇಳಿಸಿದ್ದು 30 ಮೈಕ್ರೋವೋಲ್ಟ್‌ಗೆ. ಈ ವೈರ್ ಅದರ 300 ಪಟ್ಟು ಗುಂಯ್ ಹುಟ್ಟಿಸುತ್ತದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಟರ್ನ್‌ಟೇಬಲ್‌ನ ಸೂಜಿ ಕೂರುವ ಪುಟ್ಟ ತಲೆ) ಕೊಡುವ ಹಾಡೇ ಸುಮಾರು 5 ಮಿಲಿವೋಲ್ಟ್ ಅನ್ನುವುದನ್ನು ಜೊತೆಗೆ ನೆನೆಸಿಕೊಳ್ಳಿ.

ಹಾಗಾಗಿ ಔಟ್‌ಪುಟ್‌ನ ನೆಗೆಟಿವನ್ನು ಎಲ್ಲಿಂದ ತೆಗೆಯುತ್ತೀರಿ ಅನ್ನುವುದೇ ಈ ಸಪ್ಲೈಯ ಜೀವ. ಬ್ರಿಡ್ಜ್‌ನ, ಅಂದರೆ ನಾಲ್ಕು ಡಯೋಡ್‌ಗಳ ಜೋಡಣೆಯ, ನೆಗೆಟಿವ್ ಹತ್ತಿರ ಇದೆ ಅಂತ ಅಲ್ಲಿಂದ ತೆಗೆದರೆ ಆ 10 ಮಿಲಿವೋಲ್ಟ್ ನಿಮ್ಮ ಔಟ್‌ಪುಟ್‌ಗೆ ಸೇರಿಹೋಯಿತು. ರೆಗ್ಯುಲೇಟರ್ ಅದನ್ನು ನೋಡಲೂ ಆಗುವುದಿಲ್ಲ, ಅದು ಅದರ ಬೆನ್ನ ಹಿಂದೆ ನಡೆಯುವ ವಿಷಯ. ಸರಿಯಾದ ದಾರಿ ಹೀಗೆ. ಬ್ರಿಡ್ಜ್‌ನ ಎರಡೂ ವೈರ್ ಮೊದಲ ಕೆಪಾಸಿಟರ್‌ನ ಕಾಲುಗಳಿಗೆ ಹೋಗಲಿ, ಬೇರೆ ಎಲ್ಲೂ ಹೋಗಬಾರದು. ಆ ಕಾಲುಗಳಿಂದ ಎರಡನೇ ಕೆಪಾಸಿಟರ್‌ಗೆ. ಎರಡನೆಯದರ ಕಾಲುಗಳಿಂದ ರೆಗ್ಯುಲೇಟರ್‌ಗೆ ಮತ್ತು ಔಟ್‌ಪುಟ್ ಸಾಕೆಟ್‌ಗೆ. ಅಡ್ಜಸ್ಟ್ ಪಿನ್‌ನ 1 ಕಿಲೋಓಮ್ ದಾರಿ ಮತ್ತು 10 ಮೈಕ್ರೋಫ್ಯಾರಡ್ ಎರಡೂ ಔಟ್‌ಪುಟ್ ಸಾಕೆಟ್‌ನ ನೆಗೆಟಿವ್‌ನಲ್ಲೇ ಮುಗಿಯಲಿ. 120 ಓಮ್ ಮಾತ್ರ ಚಿಪ್‌ನ ಔಟ್ ಕಾಲಿಗೆ ಅಂಟಿಕೊಂಡಿರಲಿ. ನೀರು ಒಂದು ಗದ್ದೆಯಿಂದ ಮುಂದಿನ ಗದ್ದೆಗೆ ಇಳಿಯುವ ಹಾಗೆ. ಯಾವ ಗದ್ದೆಯನ್ನೂ ಹಾರಿ ಹೋಗಬಾರದು.

ನಾನು ಇದನ್ನು ಕಲಿತದ್ದು ಒಂದು ಇಡೀ ವಾರ ಕಳೆದು. ಮೊದಲ ಫೋನೋ ಸಪ್ಲೈ ಕಟ್ಟಿದಾಗ ಬಿಡದೆ ಗುಂಯ್ ಬರುತ್ತಿತ್ತು. ರೆಗ್ಯುಲೇಟರ್ ಮೂರು ಸಲ ಬದಲಿಸಿದೆ. ಕೆಪಾಸಿಟರ್ ದೊಡ್ಡದು ಮಾಡಿದೆ. ಕೆಪಾಸಿಟರ್ ದೊಡ್ಡದಾದಷ್ಟೂ ಸದ್ದು ಇನ್ನೂ ಚೂಪಾಯಿತು. ಯಾಕೆಂದರೆ ದೊಡ್ಡ ಕೆಪಾಸಿಟರ್‌ಗೆ ಹೋಗುವ ಗುಕ್ಕುಗಳು ಇನ್ನೂ ಸಣ್ಣ ಹೊತ್ತಿನವು, ಇನ್ನೂ ಎತ್ತರದವು. ಕೊನೆಗೆ ಒಂದು ಕಪ್ಪು ವೈರನ್ನು ಬ್ರಿಡ್ಜ್‌ನಿಂದ ಬಿಚ್ಚಿ ಎಂಟು ಸೆಂಟಿಮೀಟರ್ ಆಚೆ, ಕೆಪಾಸಿಟರ್‌ನ ಕಾಲಿಗೆ ಬೆಸುಗೆ ಹಾಕಿದೆ. ಸದ್ದು ನಿಂತುಹೋಯಿತು. ಆ ಮೌನ ಈಗಲೂ ನೆನಪಿದೆ. ಸ್ಪೀಕರ್‌ಗೆ ಕಿವಿ ಹಚ್ಚಿ ಕೂತಿದ್ದೆ.

ಸೆಕೆಂಡರಿಯ ಎರಡು ವೈರ್‌ಗಳನ್ನು ಒಂದಕ್ಕೊಂದು ಹೆಣೆದು ಓಡಿಸಿ. ಮೇನ್ಸ್ ವೈರ್‌ಗಳನ್ನೂ ಹಾಗೇ. ಔಟ್‌ಪುಟ್ ವೈರ್‌ಗಳಿಂದ ದೂರ ಇಡಿ.

ಇನ್ನು 230 ವೋಲ್ಟ್ ಕಡೆ. ಇಲ್ಲಿ ಆತುರ ಬೇಡ. ಲೋಹದ ಡಬ್ಬಿ, ಮೂರು ಪಿನ್ನಿನ ಸಾಕೆಟ್. ಅರ್ತ್ ವೈರನ್ನು ಡಬ್ಬಿಯ ಬಣ್ಣ ಕೆರೆದು, ರಿಂಗ್ ಲಗ್ ಮತ್ತು ಹಲ್ಲಿನ ವಾಷರ್ ಹಾಕಿ, ಅದಕ್ಕೇ ಮೀಸಲಾದ ಬೋಲ್ಟ್‌ನಲ್ಲಿ ಬಿಗಿಯಿರಿ. ಟ್ರಾನ್ಸ್‌ಫಾರ್ಮರ್‌ನ ತಾಮ್ರದ ಹಾಳೆಯ ವೈರ್ ಕೂಡ ಅಲ್ಲಿಗೇ. ಲೈವ್‌ಗೆ 250 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸ್, ಆಮೇಲೆ ಲೈವ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್. ಬೆಸುಗೆ ಹಾಕಿದ ಪ್ರತಿ ಜಾಗಕ್ಕೂ ಹೀಟ್‌ಶ್ರಿಂಕ್ ತೋಳು. ಡಬ್ಬಿ ತೆರೆದಿರುವಾಗ ಬೆರಳು ಜಾರಿದರೂ ತಾಗದ ಹಾಗಿರಬೇಕು. ಔಟ್‌ಪುಟ್‌ನ ನೆಗೆಟಿವನ್ನು ಮಾತ್ರ ಡಬ್ಬಿಗೆ ಸೇರಿಸಬೇಡಿ. ನಿಮ್ಮ ಆಂಪ್ಲಿಫೈಯರ್ ಮೂರು ಪಿನ್ನಿನದಾದರೆ ಅದು ಕೇಬಲ್ ಮೂಲಕ ಮೊದಲೇ ಅರ್ತ್ ಸೇರಿರುತ್ತದೆ. ಇಲ್ಲೂ ಸೇರಿಸಿದರೆ ಒಂದು ದೊಡ್ಡ ಉಂಗುರವಾಗಿ ಅದರಲ್ಲಿ ಬೇರೆಯೇ ಗುಂಯ್ ಸುತ್ತುತ್ತದೆ.

ಹಳೆಯ ಮನೆಗಳಲ್ಲಿ ಗೋಡೆಯ ಸಾಕೆಟ್‌ನ ಅರ್ತ್ ತೂತಿನ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಲೈವ್‌ಗೂ ಅರ್ತ್‌ಗೂ ನಡುವೆ ಒಂದು ಬಲ್ಬ್ ಹೊತ್ತಿಸಿ ನೋಡಿಸಿ. ಪೂರ್ತಿ ಉರಿಯಬೇಕು. ಮಂಕಾದರೆ ಅಥವಾ ಉರಿಯದಿದ್ದರೆ ಸಪ್ಲೈ ಕಟ್ಟುವ ಮುಂಚೆ ಅರ್ತಿಂಗ್ ಮಾಡಿಸಿ. ಇದು ಆಡಿಯೋಗಿಂತ ದೊಡ್ಡ ವಿಷಯ, ಮನೆಯಲ್ಲಿ ಮಕ್ಕಳಿರುತ್ತಾರೆ.

ಮೊದಲ ಸಲ ಆನ್ ಮಾಡುವಾಗ ಟಿವಿ ರಿಪೇರಿಯವರ ಸೀರೀಸ್ ಬೋರ್ಡ್ ಬಳಸಿ. 40 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಮೇನ್ಸ್‌ಗೆ ಸೀರೀಸ್‌ನಲ್ಲಿ ಇರಲಿ. ಬಲ್ಬ್ ಒಮ್ಮೆ ಮಿಂಚಿ ಆರಿದ ಹಾಗಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ ಪ್ಲಗ್ ಕೀಳಿರಿ. ಆಮೇಲೆ ಸೀರೀಸ್ ಬಲ್ಬ್ ತೆಗೆದು, ಪ್ರಿಆಂಪ್ ಬದಲು ಬೈಕಿನ 12 ವೋಲ್ಟ್ 5 ವ್ಯಾಟ್ ಬಲ್ಬನ್ನು ಔಟ್‌ಪುಟ್‌ಗೆ ಕೊಡಿ. ಅದು 0.4 ಆಂಪ್ ಎಳೆಯುತ್ತದೆ. ಅರ್ಧ ಗಂಟೆ ಬಿಟ್ಟು ವೋಲ್ಟೇಜ್ ನೋಡಿ, ಡಬ್ಬಿಯ ಬಿಸಿ ಮುಟ್ಟಿ ನೋಡಿ. ಸಂಜೆ ಏಳಕ್ಕೆ ಮತ್ತೆ ನೋಡಿ. ಎರಡೂ ಹೊತ್ತು 12 ತೋರಿಸಿದರೆ ಪ್ರಿಆಂಪ್ ಹಾಕಿ. ಹಾಕುವ ಮುಂಚೆ ಪಿನ್‌ನ ನಡುಭಾಗ ಪಾಸಿಟಿವ್ ಹೌದಾ ಅಂತ ಪ್ರಿಆಂಪ್ ಹಿಂದಿನ ಗುರುತು ನೋಡಿಕೊಳ್ಳಿ. ಕೆಲವು ಪ್ರಿಆಂಪ್‌ಗಳು 12 ವೋಲ್ಟ್ ಎಸಿ ಕೇಳುತ್ತವೆ, ನಿಮ್ಮದು ಡಿಸಿ, ಪರವಾಗಿಲ್ಲ. ಈ ಉತ್ತರ ಓದುವ ಬೇರೆಯವರು ಅದನ್ನೂ ನೋಡಿಕೊಳ್ಳಬೇಕು.

ಡ್ಯಾಕ್‌ಗೆ ಇದರಿಂದಲೇ ಕರೆಂಟ್ ಬೇಡ. ಶಕ್ತಿ ಸಾಲದು ಅಂತ ಅಲ್ಲ. ಎರಡರ ನೆಗೆಟಿವ್ ಸಪ್ಲೈಯಲ್ಲೂ ಸೇರುತ್ತದೆ, ಆಂಪ್ಲಿಫೈಯರ್‌ನಲ್ಲೂ ಸೇರುತ್ತದೆ. ಮತ್ತೆ ಉಂಗುರ. ಡ್ಯಾಕ್‌ನ ಡಿಜಿಟಲ್ ಗದ್ದಲ ಆ ಉಂಗುರದಲ್ಲಿ ನಡೆದು 5 ಮಿಲಿವೋಲ್ಟ್‌ನ ಕಾರ್ಟ್ರಿಜ್ ಸಿಗ್ನಲ್ ಪಕ್ಕಕ್ಕೆ ಬರುತ್ತದೆ. ಎರಡಕ್ಕೂ ಒಂದೇ ಡಬ್ಬಿ ಬೇಕೇ ಬೇಕು ಅಂದರೆ ಟ್ರಾನ್ಸ್‌ಫಾರ್ಮರ್ ಸುತ್ತಿಸುವಾಗಲೇ ಎರಡು ಬೇರೆ ಬೇರೆ 15 ವೋಲ್ಟ್ ಸೆಕೆಂಡರಿ ಹಾಕಿಸಿ. ಒಂದಕ್ಕೊಂದು ಎಲ್ಲೂ ಸೇರಿರಬಾರದು. 15-0-15 ಅಂತ ನಡುವೆ ಸೇರಿಸಿದ್ದು ಈ ಕೆಲಸಕ್ಕೆ ಆಗಲ್ಲ. ಪ್ರತಿಯೊಂದಕ್ಕೂ ಅದರದೇ ಬ್ರಿಡ್ಜ್, ಅದರದೇ ಕೆಪಾಸಿಟರ್, ಅದರದೇ ಎಲ್‌ಎಂ317. ಡ್ಯಾಕ್ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ನೀವು ಬರೆದಿಲ್ಲ. 5 ವೋಲ್ಟ್‌ನದಾದರೆ 15 ವೋಲ್ಟ್ ಸೆಕೆಂಡರಿ ಜಾಸ್ತಿಯಾಯಿತು, ಚಿಪ್ ಸುಮ್ನೆ ಕಾಯುತ್ತದೆ. ಅದಕ್ಕೆ 9 ವೋಲ್ಟ್ ಸುತ್ತಿಸಿ.

ಡಬ್ಬಿ ಎಲ್ಲಿಡಬೇಕು ಅನ್ನುವುದೊಂದು ಉಳಿಯಿತು. ಕಾರ್ಟ್ರಿಜ್ ಅಂದರೆ ಸಾವಿರಾರು ಸುತ್ತಿನ ಪುಟ್ಟ ಕಾಯಿಲ್. ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಅದಕ್ಕೆ ತಾಗಿದರೆ 50 ಹರ್ಟ್ಸ್‌ನ ಗಾಢವಾದ ಹೂಂಕಾರ ಬರುತ್ತದೆ. ಅದನ್ನು ಯಾವ ರೆಗ್ಯುಲೇಟರೂ ತಡೆಯಲ್ಲ. ಸಪ್ಲೈಗೆ ಒಂದು ಮೀಟರ್ ಉದ್ದದ ಔಟ್‌ಪುಟ್ ವೈರ್ ಕೊಡಿ. ಡಬ್ಬಿಯನ್ನು ಟರ್ನ್‌ಟೇಬಲ್‌ನ ಬಲಗಡೆ, ಅಂದರೆ ಸೂಜಿ ಹೊತ್ತ ತೋಳು (ಟೋನ್‌ಆರ್ಮ್) ಇರುವ ಕಡೆ, ಇಡಬೇಡಿ. ಎಡಗಡೆ, ಕೆಳಗಿನ ಹಲಗೆಯಲ್ಲಿಡಿ. ಆಂಪ್ಲಿಫೈಯರ್‌ನ ವಾಲ್ಯೂಮ್ ಏರಿಸಿ, ತಟ್ಟೆ ತಿರುಗಿಸದೆ, ಸೂಜಿ ಎತ್ತಿಟ್ಟು, ಡಬ್ಬಿಯನ್ನು ನಿಧಾನ ತಿರುಗಿಸುತ್ತಾ ಕೇಳಿ. ಒಂದು ದಿಕ್ಕಿನಲ್ಲಿ ಹೂಂಕಾರ ಕನಿಷ್ಠ ಆಗುತ್ತದೆ. ಆ ದಿಕ್ಕಿಗೆ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದುಬಿಡಿ.